ಹತ್ತು ಸಾವಿರದ ಒಂದು

ನಿನ್ನೆ ಸಂಜೆ ದೇವರ ಮುಂದಿನ ದೀಪ ಶಾಂತವಾಗಿ, ಸುಟ್ಟ ಬತ್ತಿಯ ವಾಸನೆ ಕೋಣೆಯಲ್ಲಿ ನಿಂತಿತು. ಆ ವಾಸನೆಗೆ ನನಗೆ ದೇವರಿಗಿಂತ ಮೊದಲು ನೆನಪಾಗುವುದು ಭಾಗಾಕಾರ. ನಗಬೇಡಿ, ನನಗೆ ಭಾಗಾಕಾರ ಕಲಿಸಿದವಳು ಬತ್ತಿ ಹೊಸೆಯುತ್ತಿದ್ದ ನನ್ನ ಸೋದರತ್ತೆ.

ಅತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಂಜನಗೂಡಿನ ನಮ್ಮ ಮನೆಗೆ ಮರಳಿದ್ದಳು. ಶಾಲೆಗೆ ಹೋದವಳಲ್ಲ, ಅಣ್ಣಂದಿರು ಮಗ್ಗಿ ಹೇಳುವಾಗ ಅಡುಗೆಮನೆಯಿಂದ ಕೇಳಿ ಕಲಿತವಳು. ಅವಳ ಪ್ರಕಾರ ಸಂಖ್ಯೆಗಳಲ್ಲಿ ಎರಡೇ ಕುಲ: ಒಡೆಯುವವು, ಒಡೆಯದವು. ಹುಣಸೆ ಬೀಜಗಳನ್ನು ಸಮಸಾಲುಗಳಲ್ಲಿ ಜೋಡಿಸಲು ಬಂದರೆ ಒಡೆಯುವುದು. ಹದಿಮೂರರಂತೆ ಒಂದೇ ಸಾಲಾಗಿ ಮಲಗಿದರೆ ಒಡೆಯದ್ದು. ಕಾಲೇಜಿನಲ್ಲಿ ಅವಕ್ಕೆ ಗಂಭೀರವಾದ ಹೆಸರುಗಳಿದ್ದವು. ಬೀಜಗಳಿರಲಿಲ್ಲ.

ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತ ವರ್ಷ, ಮನೆ ಪಾಲಾಗದಿರಲೆಂದು ಅತ್ತೆ ನಂಜುಂಡೇಶ್ವರನಿಗೆ ಬತ್ತಿಯ ಹರಕೆ ಹೊತ್ತಳು. ಎಲ್ಲರಂತೆ ಹತ್ತು ಸಾವಿರಕ್ಕೆ ಒಂದು ಸೇರಿಸಿದಳು. ಆದರೆ ಒಡೆಯದ ಮನೆಗೆ ಒಡೆಯದ ಸಂಖ್ಯೆಯೇ ಬೇಕೆಂದು ಅವಳ ಹಟ. ಬತ್ತಿ ಹೊಸೆಯುತ್ತಲೇ, ಕಟ್ಟಿಗೊಂದು ಬೀಜ ಮೊರದಿಂದ ತೆಗೆದಿಡುತ್ತಾ ಪರೀಕ್ಷೆ ನಡೆಯಿತು; ನಾನು ಪಕ್ಕದಲ್ಲಿ ಕೂತಿದ್ದೆ. ಏಳರ ಕಟ್ಟು ಮಾಡಿದರೆ ಐದು ಉಳಿಯುತ್ತಿತ್ತು.

“ಏಳಕ್ಕೆ ಬಗ್ಗದ್ದು ಹದಿನಾಲ್ಕಕ್ಕೂ ಬಗ್ಗಲ್ಲ ಕಣೇ, ಬಿಟ್ಬಿಡು. ನೂರು ನೂರಲಿ ಹತ್ತು ಸಾವಿರ ಆಯ್ತಲ್ಲ, ನೂರರ ಗಂಟ ನೋಡಿದ್ರೆ ಸಾಕು.”

ಎಪ್ಪತ್ತೊಂದರ ಕಟ್ಟಿಗೆ ಅರವತ್ತೊಂದು ಉಳಿದಾಗ ಅಪ್ಪ ಬಾಗಿಲಲ್ಲಿ ನಿಂತರು.

“ಪೂಜೆಗೆ ಹೊತ್ತಾಯ್ತು, ಏಳೇ. ಬತ್ತಿ ಹೊಸೀತೀಯೋ, ಬತ್ತೀಗೆ ಜಾತಕ ಬರೀತೀಯೋ?”

“ಇನ್ನೊಂಚೂರು, ಅಣ್ಣಯ್ಯ.”

“ಹೆಂಗಸ್ರಿಗೆ ಇಷ್ಟು ಲೆಕ್ಕ ಸಾಕು.”

ಅತ್ತೆ ಬೀಜಗಳನ್ನು ಮೊರಕ್ಕೆ ಬಳಿದುಕೊಂಡು ಎದ್ದಳು. ಬತ್ತಿಗಳು ಚೆನ್ನಾಗಿಯೇ ಉರಿದವು. ಮನೆ ಮಾತ್ರ ಉಳಿಯಲಿಲ್ಲ. ನಾವು ನರಸೀಪುರಕ್ಕೆ ಬಂದೆವು. ಅತ್ತೆ ಚಿಕ್ಕಪ್ಪನ ಪಾಲಿಗೆ ಉಳಿದಳು. ಅವಳ ಮನೆಯ ಹಿಂದೆ ಹರಿಯುವ ಕಪಿಲೆ ನಮ್ಮೂರಿಗೆ ಬಂದು ಕಾವೇರಿಯನ್ನು ಸೇರುತ್ತಿತ್ತು. ಅತ್ತೆ ಬರುವಂತಿರಲಿಲ್ಲ.

ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಅವಳು ನಿಲ್ಲಿಸಿದ ಕಡೆಯಿಂದ ಭಾಗಿಸಿ ನೋಡಿದೆ. ಎಪ್ಪತ್ತೆರಡು ಸಮಸಂಖ್ಯೆ, ಬಿಟ್ಟೆ. ಎಪ್ಪತ್ತಮೂರಕ್ಕೆ ಏನೂ ಉಳಿಯಲಿಲ್ಲ. ಎಪ್ಪತ್ತಮೂರು ನೂರಮೂವತ್ತೇಳಲಿ ಹತ್ತು ಸಾವಿರದ ಒಂದು! ರಜೆಯಲ್ಲಿ ನಂಜನಗೂಡಿಗೆ ರೈಲು ಹತ್ತಿ, ಮೈಸೂರುಪಾಕಿನ ಪೊಟ್ಟಣದಂತೆ ಆ ಉತ್ತರವನ್ನು ಜೋಪಾನವಾಗಿ ಒಯ್ದೆ.

ಹತ್ತಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

“ಎಪ್ಪತ್ಮೂರಾ? ಅಷ್ಟು ಹತ್ರಾನಾ?”

“ಅದಕ್ಕೇ ಮನೆ ಪಾಲಾಯ್ತು ಅಂದ್ಕೋಬೇಡ ಅತ್ತೆ.”

“ಮನೆ ವಿಷ್ಯ ಬಿಡೇ, ಅದು ಗಂಡಸ್ರ ಕೆಲಸ. ಈ ಲೆಕ್ಕ ನನ್ನ ಕೈಗೇ ಸಿಕ್ಕಬೇಕಿತ್ತು.”

ಮತ್ತೆ ಹತ್ತಿ ಬಿಡಿಸತೊಡಗಿದಳು. ಆಮೇಲೆ, “ಹತ್ತು ಲಕ್ಷದ ಒಂದು?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ, “ಹೇಳ್ಬೇಡ. ಗೊತ್ತಾದ್ರೂ ಹೇಳ್ಬೇಡ.”

ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಹತ್ತು ಲಕ್ಷದ ಒಂದರ ಲೆಕ್ಕದಲ್ಲಿ ಎಲ್ಲಿಯವರೆಗೆ ಬಂದಿದ್ದಳೋ ಯಾರಿಗೂ ತಿಳಿಯದು. ನಾನು ಹೋಗುವಷ್ಟರಲ್ಲಿ ಮೊರ ತೊಳೆದು ಬಿಸಿಲಿಗಿಟ್ಟಿದ್ದರು.

ಇಷ್ಟು ವರ್ಷ ಆ ಲೆಕ್ಕವನ್ನು ನಾನು ಮುಟ್ಟಿರಲಿಲ್ಲ. ನಿನ್ನೆ ದೀಪಕ್ಕೆ ಹೊಸ ಬತ್ತಿ ಹಾಕಿ, ಮೂರರಿಂದ ಶುರುಮಾಡಿದೆ. ಬಾಗಿಲಲ್ಲಿ ಯಾರೂ ಬಂದು ನಿಲ್ಲಲಿಲ್ಲ. ಉತ್ತರ ಸಿಕ್ಕಿತು. ನಿಮಗೆ ಹೇಳುವುದಿಲ್ಲ.