ತಂಗಿಯ ಕಷಾಯದ ಪುಡಿ, ಇಂಗ್ಲೆಂಡಿನ ಕಾಮಣಿ

ಕಳೆದ ಮಳೆಗಾಲದಲ್ಲಿ, ನನ್ನ ತಂಗಿಯ ಮಗಳಿಗೆ, ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವವಳಿಗೆ, ಕಾಮಣಿಯಾಯಿತು. ಕಣ್ಣು ಹಳದಿ, ಊಟ ಸೇರದು. ಅವಳು ಊರಿಗೆ ಬಂದುಹೋಗಿ ಬಹಳ ದಿನವಾಗಿದ್ದರಿಂದ ನಮ್ಮ ನೀರನ್ನು ದೂರುವಂತಿರಲಿಲ್ಲ. ಡಾಕ್ಟರರ ಅನುಮಾನ ಹೋದದ್ದು ಖಾನಾಪುರದಿಂದ ತಂಗಿ ಕಳಿಸಿದ್ದ ಕಷಾಯದ ಪುಡಿಯ ಮೇಲೆ. ನಾಟಿ ಔಷಧದಿಂದ ಲಿವರ್ ಕೆಡುವುದುಂಟಂತೆ.

ಸುದ್ದಿ ತಿಳಿದ ಕೂಡಲೇ ಶಹಾಪುರದ ಸೀರೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಖಾನಾಪುರದ ಬಸ್ಸು ಹತ್ತಿದೆ.

"ನನ್ನ ಕೈಯಾರೆ ಮಗಳಿಗೆ ವಿಷಾ ಕೊಟ್ಟೆ, ಅಣ್ಣಾ," ಎಂದಳು ತಂಗಿ.

"ಅದ ಪುಡಿ ನಾನೂ ಕುಡದೇನಿ. ನನಗೇನಾಗೇತಿ?"

"ನಿನಗ ಏನ ಕೊಟ್ರೂ ಏನೂ ಆಗೂದಿಲ್ಲ ಬಿಡು."

ಅಷ್ಟರಲ್ಲಿ ಮಗಳ ವಿಡಿಯೋ ಕರೆ ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಮಾತಾಡುತ್ತಿರುವಾಗಲೇ ಡಾಕ್ಟರು ಬಂದು, ಹಂದಿ ಮಾಂಸ ತಿನ್ನುವುದುಂಟೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಂಗಿ ಶಾಲೆಯಲ್ಲಿ ಶಿಕ್ಷಕಿ. ಅಷ್ಟು ಇಂಗ್ಲಿಷು ಅವಳಿಗೆ ತಿಳಿಯುತ್ತದೆ.

"ನಾವು ಲಿಂಗಾಯತರು, ತತ್ತೀನೂ ಮುಟ್ಟೂದಿಲ್ಲ ಅಂತ ಹೇಳವ್ವಾ," ಎಂದಳು ಇಲ್ಲಿಂದಲೇ.

ಹುಡುಗಿ ಹಾಗೆಯೇ ಹೇಳಿದಳು. ಆದರೆ ಹೇಳುವ ಮೊದಲು ತುಸು ತಡೆದಳು. ಅಂಗಡಿಯಲ್ಲಿ ನಿಂತು ಬದುಕಿದವನಿಗೆ ಆ ತಡೆ ಗೊತ್ತು. ಸೀರೆ ಮನಸ್ಸಿಗೆ ಬಂದಿದ್ದರೂ ಬೇಡ ಎನ್ನುವ ಗಿರಾಕಿ ಹಾಗೆಯೇ ತಡೆಯುತ್ತಾಳೆ. ಕರೆ ಮುಗಿದ ಮೇಲೆ ನಾನು ಹೊರಗಿನ ಕಟ್ಟೆಗೆ ಹೋಗಿ, ನನ್ನ ಫೋನಿನಿಂದ ಹುಡುಗಿಗೆ ಹಚ್ಚಿದೆ.

"ಏನ ತಿಂದಿ, ಹೇಳು."

"ಏನಿಲ್ಲ, ಮಾಮಾ."

"ನಾ ನಿಮ್ಮವ್ವ ಅಲ್ಲ."

ದನಿ ತಗ್ಗಿಸಿದಳು. "ಡ್ಯೂಟಿ ಮುಗದ ಮ್ಯಾಲೆ ಗೆಳತ್ಯಾರ ಕೂಡ ಸಾಸೇಜ್ ತಿಂತೀನಿ. ಹಂದೀದು. ಒಮ್ಮೊಮ್ಮೆ ಒಳಗ ಹಸೀನ ಇರತೈತಿ. ಅವ್ವಗ ಹೇಳಬ್ಯಾಡ."

"ಡಾಕ್ಟರಿಗೆ ನೀ ಖರೇ ಹೇಳು. ನಿಮ್ಮವ್ವನ್ನ ನನಗ ಬಿಡು. ಆಗತೈತಿ?"

"ಅಕಿ ನನ್ನ ಕೂಡ ಮಾತ ಬಿಟ್ರ?"

"ಪುಡಿ ಮ್ಯಾಲಿನ ಅಪವಾದ ಹೋಗತೈತಲ್ಲ. ಆ ಖುಷಿಗೆ ಅರ್ಧಾ ಸಿಟ್ಟು ಇಳೀತೈತಿ."

ಹುಡುಗಿ ಡಾಕ್ಟರಿಗೆ ಹೇಳಿದಳು. ಆಮೇಲೆ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಇ ಎಂದು ಬಂತು, ನನಗೇ ಮೊದಲು ತಿಳಿಸಿದಳು. ಆ ದೇಶದ ಹಂದಿಗಳಲ್ಲೂ ಇರುವ ವೈರಸ್ಸು, ಸರಿಯಾಗಿ ಬೇಯದ ಮಾಂಸದಿಂದ ಬರುತ್ತದಂತೆ. ಗಟ್ಟಿಮುಟ್ಟಾದವರಿಗೆ ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ ಎಂದರು. ನನ್ನ ಮಾತು ಕೇಳುವುದಾದರೆ, ಡಾಕ್ಟರು ಪ್ರಶ್ನೆ ಕೇಳುವಾಗ ಮನೆಯವರ ಫೋನು ಬಂದ್ ಮಾಡಿರಿ.

ತಂಗಿಗೆ ಮೊದಲು ಪುಡಿಯ ಸುದ್ದಿ ಹೇಳಿದೆ, ಹಂದಿಯದು ಆಮೇಲೆ. ಯಾವ ಮಾತು ಮೊದಲು ಎನ್ನುವುದರಲ್ಲೇ ಅರ್ಧ ವ್ಯವಹಾರ ಮುಗಿಯುತ್ತದೆ.

"ಖರೇನ ನನ್ನ ಪುಡಿಯಿಂದ ಅಲ್ಲ?"

"ಅಲ್ಲ."

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳಿಗೆ ಫೋನು ಹಚ್ಚಿದಳು. ಬೈಗುಳಕ್ಕೆ ಕಾದು ನಾನು ಪಕ್ಕದಲ್ಲೇ ನಿಂತೆ.

"ಇನ್ನ ಮ್ಯಾಲೆ ಅದನ್ನ ತಿನ್ನೂದಾದ್ರ ಚೊಲೋತ್ನ್ಯಾಗ ಬೇಯಿಸಿ ತಿನ್ನು," ಎಂದಳು. "ನನ್ನ ಮುಂದ ಮಾತ್ರ ತಿನ್ನಬ್ಯಾಡ."

ಹುಡುಗಿ ಅತ್ತಳು. ಇವಳೂ ಅತ್ತಳು. ಮಾತು ಬೇಗ ಮುಗಿಯುವಂತೆ ಕಾಣಲಿಲ್ಲ. ನಾನು ಚಾರ್ಜರ್ ಹುಡುಕಲು ಒಳಗೆ ಹೋದೆ.