ಹುಣಸೆಹಣ್ಣು ಹಾಕಿ ತಿಕ್ಕಿದ ಕೋವಿ

ನಮ್ಮಪ್ಪ ನಮ್ಮವ್ವನ ಜೊತೆ ಮಾತು ಬಿಟ್ಟದ್ದು ಒಂದು ಹಿಡಿ ಹುಣಸೆಹಣ್ಣಿನ ದೆಸೆಯಿಂದ. ಹೇಳಿದರೆ ಜನ ನಗುತ್ತಾರೆ. ನಗಲಿ. ನಾನೂ ಬೇರೆಯವರ ಮನೆಯ ಇಂಥ ಕಥೆ ಕೇಳಿ ನಕ್ಕವನೇ.

ನಮ್ಮದು ಕಿರುಗಾವಲಿನಿಂದ ಎರಡು ಮೈಲಿ ಒಳಗಿನ ಹಳ್ಳಿ. ಕಬ್ಬಿಗೆ ಹಂದಿ ನುಗ್ಗುತ್ತವೆಂದು ತಾತ ಲೈಸೆನ್ಸ್ ಮಾಡಿಸಿ ತಂದ ಜೋಡುನಳಿಗೆ ಕೋವಿ ಮನೆಯಲ್ಲಿತ್ತು. ಅಪ್ಪ ಅದರಲ್ಲಿ ಒಂದು ಹಂದಿಯನ್ನೂ ಹೊಡೆದದ್ದನ್ನು ನಾನು ಕಾಣೆ, ಗಾಳಿಗೆ ಹಾರಿಸಿ ಬೆದರಿಸುತ್ತಿದ್ದದ್ದಷ್ಟೆ. ಆದರೆ ಭಾನುವಾರ ಬಂತೆಂದರೆ ಜಗಲಿಯ ಮೇಲೆ ಕಂಬಳಿ ಹಾಸಿ, ಹಳೇ ಬನೀನಿನ ಚೂರಿಗೆ ಮಿಷಿನ್ ಎಣ್ಣೆ ಮುಟ್ಟಿಸಿಕೊಂಡು, ಒಂದು ಗಂಟೆ ಹೊತ್ತು ನಳಿಗೆ ಒರೆಸುತ್ತಿದ್ದ. ಅದರದ್ದು ಕಪ್ಪೂ ಅಲ್ಲದ ನೀಲಿಯೂ ಅಲ್ಲದ, ಕಳಿತ ನೇರಳೆಹಣ್ಣಿನ ಬಣ್ಣ. ತಾತ ಎಡಗೈಯಲ್ಲಿ ಹಿಡಿಯುತ್ತಿದ್ದ ಕಡೆ ಮಾತ್ರ ಅದು ಸವೆದು ಬೂದಿ ಬಣ್ಣವಾಗಿತ್ತು. ಲೈಸೆನ್ಸಿನಲ್ಲಿ ನನ್ನ ಹೆಸರು ಸೇರಿಸಿದ ಮೇಲೂ ಅಪ್ಪ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. "ಬೆವರ್ಗೈ, ಮುಟ್ಬ್ಯಾಡ್ಲಾ" ಅನ್ನುವನು.

ಎರಡು ವರ್ಷದ ಹಿಂದೆ, ಆಯುಧಪೂಜೆಯ ಹಿಂದಿನ ದಿನವೇ ಮಂಡ್ಯದಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಗೊತ್ತಾಯಿತು. ನನ್ನ ಹೆಂಡತಿ ಹೆರಿಗೆಗೆಂದು ನಿಡಘಟ್ಟದ ತವರಿಗೆ ಹೋಗಿದ್ದಳು. ಅಪ್ಪನನ್ನು ಕರೆದುಕೊಂಡು ಹೊರಡುವ ಗಡಿಬಿಡಿ ನನ್ನದು. ಅವ್ವ ಹಿತ್ತಿಲಲ್ಲಿ ಕೂತು ದೀಪ, ಚೊಂಬು, ಗಂಟೆಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಳು.

"ಕೋವೀನೂ ಮಸಿ ಇಡ್ಕಂಡದೆ ಕಣ್ಲಾ. ಅದ್ನೂ ತಿಕ್ಲಾ? ನಿಮ್ಮಪ್ಪ ಹೊಸ ಕಣ್ಣಲ್ಲಿ ನೋಡ್ಲಿ" ಅಂದಳು.

ನಾನು ಫೋನಿನಲ್ಲಿ ಆಟೋದವನಿಗೆ ದಾರಿ ಹೇಳುತ್ತಿದ್ದೆ. "ಊಂ, ತಿಕ್ಕವ್ವ" ಅಂದೆ.

ಆ ಊಂ ನನ್ನದು. ಇಲ್ಲೇ ಹೇಳಿಬಿಡುತ್ತೇನೆ, ಹೇಳಬೇಕಾದ ಕಾಲಕ್ಕೆ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ವಾಪಸು ಬಂದೆವು. ಜಗಲಿಯ ಕಂಬಳಿಯ ಮೇಲೆ ಗುದ್ದಲಿ, ಕುಡುಗೋಲು, ನನ್ನ ಬೈಕಿನ ಬೀಗದ ಕೈ, ನಡುವೆ ಕೋವಿ. ಅವ್ವ ತೆಂಗಿನ ನಾರು ಹಿಡಿದು ಹಿಂದಿನ ದಿನ ಇಡೀ ಮಧ್ಯಾಹ್ನ ತಿಕ್ಕಿದ್ದಳಂತೆ. ನೇರಳೆ ಬಣ್ಣ ಪೂರ್ತಿ ಎದ್ದು ಬಂದು ಒಳಗಿನ ಬಿಳೀ ಉಕ್ಕು ಕಂಡಿತ್ತು. ಹುಳಿ, ಉಪ್ಪು, ಮೇಲಿಂದ ಒದ್ದೆ ಅರಿಸಿನ ಕುಂಕುಮ ಎಲ್ಲ ಸೇರಿ ರಾತ್ರಿ ಕಳೆಯುವುದರೊಳಗೆ ನಳಿಗೆಗೆ ಕೆಂಪು ತುಕ್ಕು ಹತ್ತಿತ್ತು. ಅವ್ವನ ಸೆರಗಿನ ತುದಿಯೂ ಕೆಂಪಾಗಿತ್ತು, ಬೆಳಗಿನಿಂದ ಒರೆಸಿ ಒರೆಸಿ.

"ನಿನ್ನೆ ಬೆಳ್ಳಿ ಅಂಗಿತ್ತು. ರಾತ್ರೆ ಏನಾಯ್ತೋ ಕಾಣೆ" ಅಂದಳು.

ಅಪ್ಪ ಕಪ್ಪು ಕನ್ನಡಕ ತೆಗೆದ. ಪೊರೆ ಇದ್ದಿದ್ದರೆ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲವೇನೋ. "ನಮ್ಮಪ್ಪನ್ ಕೋವಿ ಚರ್ಮ ಸುಲಿದ್ಬುಟ್ಯಲ್ಲೇ" ಎಂದು ಒಂದೇ ಮಾತು ಆಡಿ ಒಳಗೆ ಹೋದ. ತಿಕ್ಕು ಅಂದವನು ನಾನು ಎಂದು ಹೇಳಲು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿ ಬೇಡವೆಂದು ತಲೆ ಆಡಿಸಿದಳು. ನಾನು ತೆರೆದ ಬಾಯಿ ಮುಚ್ಚಿ ಆಟೋದವನಿಗೆ ದುಡ್ಡು ಕೊಡಲು ಹೋದೆ.

ಆ ದಿನದಿಂದ ಅಪ್ಪ ಅವಳ ಹತ್ತಿರ ಮಾತಾಡಲಿಲ್ಲ. "ನೀರ್ ತರಕ್ಕೇಳು ಅವ್ಳಿಗೆ" ಎಂದು ನನಗೆ ಹೇಳುವನು. ಅವಳು ಎರಡು ಮಾರು ದೂರದಲ್ಲಿ ನಿಂತಿರುವಳು. ಅವಳು ಬಡಿಸಿದ ಮುದ್ದೆ ಉಂಡು, ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುವನು. ಹಟಮಾರಿ ಮುದುಕ! ಕಬ್ಬಿಣದ ಬಣ್ಣಕ್ಕೆ ಇಷ್ಟು ಸಿಟ್ಟೇ ಎಂದು ನನಗೆ ಮೈ ಉರಿಯುತ್ತಿತ್ತು. ಉರಿದರೂ ಬಾಯಿ ಬಿಡಲಿಲ್ಲವಲ್ಲ, ನನ್ನದೆಂಥ ಉರಿ.

"ಬೈದಿದ್ರೆ ಆಗೋದು ಕಣ್ಲಾ. ಬೈಸ್ಕಳದು ನಂಗೇನ್ ಹೊಸ್ದಾ?" ಅಂದಳು ಅವ್ವ ಒಂದು ಸಂಜೆ.

"ನಾನೇ ತಿಕ್ಕು ಅಂದೆ ಅಂತ ಏಳ್ಬುಡ್ತೀನಿ ಬುಡವ್ವ."

"ಏಳ್ಬ್ಯಾಡ. ನನ್ ಮ್ಯಾಲಿನ್ ಸಿಟ್ಟು ಇವತ್ತಲ್ಲ ನಾಳೆ ಇಳೀತದೆ. ಮಗನ್ ಮ್ಯಾಲಿಂದು ಇಳಿಯಕ್ಕಿಲ್ಲ. ನಿಮ್ ತಾತನ್ ಜೊತೆ ಇವ್ರು ಎಷ್ಟೊರ್ಸ ಮಾತ್ ಬುಟ್ಟಿದ್ರು ಅಂತ ನಂಗೊತ್ತು."

ಅವ್ವ ಹಾಗೆಂದದ್ದು ನನಗೆ ಅನುಕೂಲವೇ ಆಯಿತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ಬ್ಲಫ್ ಅನ್ನುವ ಊರಿನ ಪವರ್ ಹೌಸಿನಲ್ಲಿ ನನ್ನ ಕೆಲಸ, ದಿನವೂ ಮಳವಳ್ಳಿ ಹಾದೇ ಹೋಗಬೇಕು. ಅಲ್ಲಿಯ ಪೇಟೆಯಲ್ಲಿ ಬೀಗ, ಪಂಪು, ಕೋವಿ ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆ, ತಂದೆಯ ಕಾಲದಿಂದ ಲೈಸೆನ್ಸ್ ಇರುವ ಅಂಗಡಿ. ಕೋವಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, "ಇದ್ಕೆ ಯಾರಣ್ಣ ಆಸಿಡ್ ಹಾಕಿದ್ದು?" ಅಂದರು. ಹುಣಸೆಹಣ್ಣು ಎಂದೆ. ನಗಲಿಲ್ಲ. "ನಮ್ಮನೇಲೂ ತಾಮ್ರದ ಪಾತ್ರೆ ತಿಕ್ಕೋದು ಅದ್ರಲ್ಲೇ. ಅಮ್ಮಾವ್ರಿಗೆ ಏನೂ ಅನ್ಬೇಡಿ" ಅಂದರು.

ಬೇಗ ಆಗುವ ಕೆಲಸವಲ್ಲ ಎಂದು ಅವರೇ ತಿಳಿಸಿ ಹೇಳಿದರು. ಬಿಸಿ ಬಿಸಿ ಕೆಮಿಕಲ್‌ನಲ್ಲಿ ಮುಳುಗಿಸಿದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಬಿಟ್ಟುಹೋಗುತ್ತದೆ. ಹಳೆಯ ತುಕ್ಕನ್ನೆಲ್ಲ ಉಜ್ಜಿ ತೆಗೆದು, ಔಷಧದ ನೀರು ಸವರಿ, ಒದ್ದೆ ಪೆಟ್ಟಿಗೆಯಲ್ಲಿಟ್ಟು, ಬೇಕೆಂದೇ ಹೊಸ ತುಕ್ಕು ಬರಿಸಬೇಕು. ಅದನ್ನು ನೀರಿನಲ್ಲಿ ಕುದಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ತಂತಿ ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಮತ್ತೆ ಸವರುವುದು, ಮತ್ತೆ ಕುದಿಸುವುದು. "ತುಕ್ಕಿಂದ್ಲೇ ಬಣ್ಣ ಬರೋದಣ್ಣ. ಒಂದ್ಸಲಕ್ಕೆ ಬೂದಿ, ಹತ್ತು ಸಲಕ್ಕೆ ನಿಮ್ ನೇರಳೆ. ಅವಸರ ಮಾಡಿದ್ರೆ ಚಕ್ಕೆ ಏಳುತ್ತೆ." ಬೇರೆ ಕೆಲಸದ ನಡುವೆ ಮೂರು ದಿನಕ್ಕೊಂದು ಸಲ ಆಗುತ್ತಿತ್ತು.

ಸಂಜೆ ನಾನು ಬೈಕ್ ನಿಲ್ಲಿಸುವುದರೊಳಗೆ ಅವ್ವ ಬಾಗಿಲಿಗೆ ಬಂದಿರುತ್ತಿದ್ದಳು. "ಇವತ್ತು ಎಷ್ಟನೇ ಸಲ? ಬಣ್ಣ ಎಂಗದೆ?" ಮೂರನೆಯ ಸಲಕ್ಕೆ ಸ್ಲೇಟಿನ ಹಾಗಿದೆ ಎಂದೆ. ಆರಕ್ಕೆ, ಕಾಗೆಯ ರೆಕ್ಕೆಯ ಹಾಗೆ. ಅವಳು ಬೆರಳು ಮಡಚಿಕೊಂಡು ಇನ್ನು ನಾಲ್ಕು ಅನ್ನುವಳು.

"ಬಂದ್ಮ್ಯಾಲೆ ಸೀದಾ ಅವ್ರ ಮುಂದೆ ಇಡು. ನಾನು ಒಳ್ಗಿರ್ತೀನಿ. ಲೇ ಅಂದ್ರೆ ಸಾಕು ಕಣ್ಲಾ ನಂಗೆ, ಬತ್ತೀನಿ."

ಎಂಟನೆಯ ಸಲ ಕುದಿಸಿದ ಮಾರನೆಯ ಬೆಳಿಗ್ಗೆ ಅವ್ವ ನೀರಿನ ಡ್ರಮ್ಮಿನ ಪಕ್ಕ ಬಿದ್ದಳು. ಮಳವಳ್ಳಿ ಆಸ್ಪತ್ರೆಯಲ್ಲಿ ನೋಡಿದವರು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸಿನಲ್ಲಿ ನಾನು ಅವಳ ತಲೆಯ ಕಡೆ, ಅಪ್ಪ ಕಾಲಿನ ಕಡೆ. ಅರ್ಧ ದಾರಿಯಲ್ಲಿ ಜೊತೆಗಿದ್ದ ನರ್ಸ್ ಅವಳ ಕೈ ಹಿಡಿದು ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಅಪ್ಪನಿಗೆ ಕಾಣದ ಹಾಗೆ ನನಗೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸರಿಯಾಗಿ ಅದೇ ಹೊತ್ತಿಗೆ ಅಪ್ಪ ಬಾಯಿ ಬಿಟ್ಟ.

"ಲೇ. ಲೇ, ಕೇಳುಸ್ತದಾ? ಎಮ್ಮೆ ಈಯೋ ಅಂಗದೆ, ನೀನಿಲ್ದೆ ಅದು ಯಾರ್ನೂ ಅತ್ರ ಸೇರ್ಸಕ್ಕಿಲ್ಲ. ಮೊನ್ನೆ ಉಪ್ಸಾರು ಚೆಂದಾಗಿತ್ತು ಕಣೇ, ನಾನೇಳ್ನಿಲ್ಲ. ಕೋವಿ ಓದ್ರೆ ಓಯ್ತು ಬುಡೇ, ಕಬ್ಬುಣ ಅದು. ಲೇ, ಇತ್ತಾಗ್ ನೋಡು."

ಒಂದು ತಿಂಗಳು ನುಂಗಿಕೊಂಡಿದ್ದ ಮಾತನ್ನೆಲ್ಲ ಮಂಡ್ಯ ಮುಟ್ಟುವವರೆಗೂ ಆಡಿದ. ನಾನು ತಡೆಯಲಿಲ್ಲ. ಅವಳ ಹಣೆಯ ಮೇಲೆ ಕೈ ಇಟ್ಟುಕೊಂಡು, ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನುವಂತೆ ಕೂತಿದ್ದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಇನ್ನೆಂದೂ ಆಡಲಾರೆ.

ತಿಥಿ ಮುಗಿದ ಮೇಲೆ ಸಾಬರು ಹೇಳಿಕಳಿಸಿದರು. ಅಪ್ಪ ನನ್ನ ಜೊತೆ ಬಸ್ಸಿನಲ್ಲಿ ಬಂದ. ಹಳೇ ಲುಂಗಿಯಲ್ಲಿ ಸುತ್ತಿಟ್ಟಿದ್ದ ಕೋವಿಯನ್ನು ಸಾಬರು ಬಿಚ್ಚಿ ಕೊಟ್ಟರು. ನೇರಳೆಹಣ್ಣೇ. ತಾತನ ಕೈ ಸವೆಸಿದ ಜಾಗವೂ ಮುಚ್ಚಿಹೋಗಿತ್ತು. ಅಪ್ಪನ ಹೆಬ್ಬೆರಳು ಆ ಜಾಗಕ್ಕೆ ಹೋಗಿ, ಹುಡುಕಿ, ಅಲ್ಲೇ ನಿಂತಿತು.

"ಅಮ್ಮಾವ್ರು ನೋಡ್ಬೇಕಿತ್ತು" ಅಂದರು ಸಾಬರು.

ಅಲ್ಲಿ ನನಗೆ ತಡೆಯಲಾಗಲಿಲ್ಲ. "ಅಪ್ಪ, ತಿಕ್ಕು ಅಂದೋನು ನಾನು. ಅವ್ವ ಕೇಳುದ್ಲು, ನಾನು ಊಂ ಅಂದೆ" ಎಂದುಬಿಟ್ಟೆ.

"ಅವ್ಳ್ಯಾಕ್ಲಾ ಏಳ್ನಿಲ್ಲ?"

ಅವ್ವ ಅಂದದ್ದನ್ನು ಹೇಳಿದೆ, ಸಿಟ್ಟು ಇಳಿಯುವುದು, ಇಳಿಯದಿರುವುದು, ಎಲ್ಲ. ಅಪ್ಪ ಕೋವಿಯನ್ನು ತಾನೇ ಲುಂಗಿಯಲ್ಲಿ ಸುತ್ತಿಕೊಂಡ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ ಕೂತೆ. ಕಿರುಗಾವಲು ಬಂದರೂ ತಿರುಗಿ ನೋಡಲಿಲ್ಲ.

ಅವ್ವ ಅವನನ್ನು ಸರಿಯಾಗಿಯೇ ಅರಿತಿದ್ದಳು. ಅಂದಿನಿಂದ ಅಪ್ಪ ನನ್ನ ಹತ್ತಿರ ಮಾತಾಡಿಲ್ಲ. ಈಗ ಮನೆಯಲ್ಲಿ ಮಗುವಿದೆ, ಅದನ್ನು ಎತ್ತಿಕೊಂಡು ಊರೆಲ್ಲ ತಿರುಗುತ್ತಾನೆ, ಅದರ ಜೊತೆ ಬಾಯಿ ತುಂಬ ಮಾತು. ಭಾನುವಾರ ಕಂಬಳಿ ಹಾಸಿ ಕೋವಿ ಒರೆಸುತ್ತಾನೆ. ನಾನು ಎದುರಿಗೇ ಹೋಗಿ ಕೂರುತ್ತೇನೆ, ಏಳು ಅನ್ನುವುದಿಲ್ಲ, ಕೂರು ಅನ್ನುವುದೂ ಇಲ್ಲ. ಕೇಳಿಸದೆ ಹೋದ ಮೇಲೆ ಮಾತಾಡುವ ಗತಿ ನಮ್ಮಿಬ್ಬರಿಗೂ ಬಾರದಿರಲಿ ಎಂದು ನಾನೇ ಮೊದಲು ಬಾಯಿ ತೆರೆಯುತ್ತೇನೆ. ಮೊನ್ನೆ ಭಾನುವಾರವೂ ಕೇಳಿದೆ.

"ಅಪ್ಪ, ಎಣ್ಣೆ ಸಾಕಾ? ತರ್ಲಾ?"

ನಳಿಗೆಯಿಂದ ಕಣ್ಣೆತ್ತದೆ ಅಡುಗೆಮನೆಯಲ್ಲಿದ್ದ ಸೊಸೆಗೆ ಕೂಗಿದ. "ಸಾಕು ಅಂತೇಳವ್ವ ಅವನ್ಗೆ."

ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು, ಒಂದು ಮಾರು ಆಚೆ ಕೂತಿದ್ದ ಅಪ್ಪನನ್ನು ನೋಡಿದಳು.

"ಸಾಕಂತೆ" ಅಂದಳು.