ಹೆಸರಿಗೆ ಬಿಟ್ಟ ಜಾಗ

ಸನ್ಮಾನ ಸಮಿತಿಯ ಆಯುಸ್ಸು ಎಷ್ಟು ಎಂದು ನನ್ನನ್ನು ಕೇಳಬೇಕು. ಏಳು ಸಮಿತಿಗಳಿಗೆ ಕಾರ್ಯದರ್ಶಿಯಾಗಿದ್ದವನು ನಾನು. ಹಾರದ ಹೂ ಬಾಡುವ ಮೊದಲೇ ಸಮಿತಿ ಇಲ್ಲವಾಗಿರುತ್ತದೆ. ಮರುದಿನ ಬಾಕಿ ಕೇಳಲು ಬಂದವರಿಗೆ ಅಧ್ಯಕ್ಷರು ಕೋಶಾಧಿಕಾರಿಯನ್ನು ತೋರಿಸುತ್ತಾರೆ, ಕೋಶಾಧಿಕಾರಿ ಕಾರ್ಯದರ್ಶಿಯನ್ನು ತೋರಿಸುತ್ತಾನೆ, ಕಾರ್ಯದರ್ಶಿ ಮನೆಯಲ್ಲಿರುವುದಿಲ್ಲ. ಧ್ವನಿವರ್ಧಕದವನು ಬೀದಿಯಲ್ಲಿ ನಿಂತು ನಾಲ್ಕು ಮಾತು ಜೋರಾಗಿ ಆಡಿ ತನ್ನದನ್ನು ವಸೂಲು ಮಾಡಿಕೊಂಡು ಹೋಗುತ್ತಾನೆ. ಮಾನಪತ್ರ ಬರೆದವರಿಗೆ ಜೋರು ಮಾತು ಬರುತ್ತಿರಲಿಲ್ಲ. ಅವರು ಮೂಡುಬಿದಿರೆಯ ಜೀವಂಧರ ಮಾಸ್ಟ್ರು.

ಹುಟ್ಟಿದ್ದು ಬೆಳುವಾಯಿಯಲ್ಲಿ. ಒಂದು ಶಾಲೆಯಲ್ಲಿ ನಾಲ್ಕು ವರ್ಷ ಹಂಗಾಮಿ ಡ್ರಾಯಿಂಗ್ ಮಾಸ್ಟ್ರಾಗಿದ್ದರು. ಹುದ್ದೆ ಹೋಯಿತು, ಮಾಸ್ಟ್ರು ಎಂಬುದು ಮಾತ್ರ ಉಳಿಯಿತು. ಹಂಗಾಮಿಯವನಿಗೆ ಹೆಣ್ಣು ಕೊಡುವವರು ಇರಲಿಲ್ಲ, ಹುದ್ದೆ ಹೋದ ಮೇಲೆ ಕೇಳುವವರೂ ಇರಲಿಲ್ಲ. ಮೂಡುಬಿದಿರೆ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಯಾಕೂಬರ ಅಂಗಡಿ, ಅದರ ಮಾಳಿಗೆಯ ಕೋಣೆಯಲ್ಲಿ ಮಾಸ್ಟ್ರ ವಾಸ. ಬೆಳಿಗ್ಗೆಯಿಂದ ಬಗ್ಗಿ ಬರೆಯುವುದು, ಸಂಜೆ ಐದಕ್ಕೆ ಕೆಳಗಿಳಿದು ಯಾಕೂಬರ ಜತೆ ಒಂದು ಲೋಟ ಚಹಾ ಕುಡಿಯುವುದು. ದಿನಕ್ಕೆ ಅವರು ಆಡುವ ಮಾತೆಲ್ಲ ಆ ಒಂದು ಲೋಟದ ಹೊತ್ತಿನಲ್ಲಿ ಮುಗಿಯುತ್ತಿತ್ತು.

ಆ ಕಾಲದಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ಯಾರಾದರೂ ನಿವೃತ್ತರಾದರೆ, ವರ್ಗವಾಗಿ ಹೋದರೆ ಮಾನಪತ್ರ ಬೇಕೇ ಬೇಕಿತ್ತು. ದಪ್ಪ ಹಾಳೆಯ ಮೇಲೆ ಕೈಬರಹ, ಸುತ್ತ ಬಣ್ಣದ ಅಂಚು, ಮೇಲೆ ಗಾಜು. ಬೇರೆಯವರು ಎಲ್ಲರಿಗೂ ಅದೇ ಮಾವಿನೆಲೆ, ಅದೇ ನವಿಲು ಬರೆಯುತ್ತಿದ್ದರು. ಜೀವಂಧರ ಮಾಸ್ಟ್ರು ಒಬ್ಬರಿಗೆ ಬರೆದ ಅಂಚನ್ನು ಇನ್ನೊಬ್ಬರಿಗೆ ಬರೆದವರಲ್ಲ. ಬಸ್ಸಿನ ಡ್ರೈವರಿಗೆ ಬರೆದಾಗ ಅಂಚಿನ ತುಂಬ ಮೈಲುಕಲ್ಲುಗಳು, ಕಲ್ಲಿನ ಮೇಲೆ ಊರಿನ ಹೆಸರುಗಳು ಕ್ರಮ ತಪ್ಪದೆ. ಟಪಾಲು ಹಂಚುತ್ತಿದ್ದವನಿಗೆ ಬರೆದಾಗ ಅವನು ದಿನಾ ಹಳ್ಳ ದಾಟಲು ತುಳಿಯುತ್ತಿದ್ದ ಸಂಕಗಳು, ಅಡಿಕೆ ಮರದ್ದು ಬೇರೆ, ಕಲ್ಲಿನದ್ದು ಬೇರೆ.

ಇಷ್ಟು ಚಂದ ಬರೆದವರಿಗೆ ಜನ ಏನು ಮಾಡಿದರು? ಬಂಟ್ವಾಳದ ಒಂದು ಸಮಿತಿಯವರು ಮಾದರಿ ನೋಡುತ್ತೇವೆಂದು ಹಾಳೆಯನ್ನು ಒಯ್ದು, ಬೇರೊಬ್ಬನಿಂದ ಅರ್ಧ ದುಡ್ಡಿಗೆ ನಕಲು ಮಾಡಿಸಿದರು. ಇನ್ನೊಂದು ಸಮಿತಿಯವರು ಪತ್ರ ತೆಗೆದುಕೊಂಡು ಹೋಗಿ ಸಮಾರಂಭ ಮುಗಿಸಿದರು. ಮಾಸ್ಟ್ರು ಬಾಕಿ ಕೇಳಲು ಮೂರು ಸಲ ಬಸ್ಸು ಹತ್ತಿ ಹೋದಾಗ ಮೂರನೆಯ ಸಲ ಒಬ್ಬರು ಸಿಕ್ಕಿ, “ಸಮಿತಿಯೇ ಇಲ್ಲ ಮಾಸ್ಟ್ರೆ, ಇನ್ನು ಕೊಡುವುದು ಯಾರು ಹೇಳಿ?” ಎಂದರಂತೆ.

ಅಲ್ಲಿಂದ ಮಾಸ್ಟ್ರು ಕಾನೂನು ಮಾಡಿಕೊಂಡರು. ಮಾದರಿಯನ್ನು ಸ್ಲೇಟಿನ ಮೇಲೆ ಬರೆದು ತೋರಿಸಿ, ಬಂದವರ ಎದುರಿಗೇ ಒರಸಿಬಿಡುವುದು. ಹದಿನೆಂಟು ರೂಪಾಯಿಯಲ್ಲಿ ಅರ್ಧ ಮೊದಲೇ ಕೊಡಬೇಕು. ಉಳಿದ ಅರ್ಧ ಬರುವವರೆಗೆ ಅಂಚು, ಒಕ್ಕಣೆ ಎಲ್ಲ ಬರೆದು ಹೆಸರಿನ ಜಾಗ ಮಾತ್ರ ಖಾಲಿ ಬಿಡುವುದು. ಹಾಳೆ ಯಾಕೂಬರ ಅಂಗಡಿಯಲ್ಲಿ ಕಟ್ಟಿನ ಅಳತೆ ಕೊಟ್ಟುಕೊಂಡು ಕಾಯುತ್ತಿತ್ತು. ಬಾಕಿ ಕೊಟ್ಟ ದಿನ ಮಾಸ್ಟ್ರು ಕೆಳಗಿಳಿದು ಬಂದು ಕೆಂಪು ಮಸಿಯಲ್ಲಿ ಹೆಸರು ಬರೆಯುತ್ತಿದ್ದರು, ಆಮೇಲೆ ಯಾಕೂಬರು ಗಾಜು ಕೂರಿಸುತ್ತಿದ್ದರು. ಸಮಿತಿಗಳವರು ಗೊಣಗಿದರು. ಬಡ್ಡಿ ಸಾಹುಕಾರನ ಬುದ್ಧಿ ಎಂದರು. ಆದರೆ ದುಡ್ಡು ಕೊಟ್ಟರು. ಮೊದಲೆಲ್ಲ ಸಮಾರಂಭಕ್ಕೆ ಬನ್ನಿ ಎಂದು ಬಾಯಿಮಾತಿಗಾದರೂ ಹೇಳುತ್ತಿದ್ದವರು, ಈ ಕಾನೂನು ಬಂದ ಮೇಲೆ ಅದನ್ನೂ ಬಿಟ್ಟರು. ಇಷ್ಟು ಮಾನಪತ್ರ ಬರೆದವರು ಒಂದನ್ನಾದರೂ ಓದುವುದನ್ನು ಕೇಳಿರಲಿಲ್ಲ, ಒಂದಾದರೂ ಯಾರದಾದರೂ ಗೋಡೆಯ ಮೇಲೆ ತೂಗುವುದನ್ನು ನೋಡಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ನಮ್ಮ ಊರಿನ ಪೂವಮ್ಮನಿಗೆ ಸನ್ಮಾನ ಮಾಡುವುದೆಂದಾಯಿತು. ಬೆಳ್ತಂಗಡಿಯಿಂದ ಎರಡು ಮೈಲು ನಮ್ಮ ಊರು. ಅಲ್ಲಿನ ಹೆರಿಗೆ ಮನೆಯಲ್ಲಿ ಪೂವಮ್ಮ ಮೂವತ್ತು ವರ್ಷ ಆಯಾ ಆಗಿದ್ದರು. ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಅವರ ಕೈಗೆ. ನಾನೂ ಹಾಗೆಯೇ ಬಂದವನು. ನಾನು ಆಗ ಸೊಸೈಟಿಯಲ್ಲಿ ಗುಮಾಸ್ತ. ಕಾರ್ಯದರ್ಶಿ ಯಾರೆಂದು ಕೇಳುವುದೇ ಬೇಡ.

ಒಂಬತ್ತು ರೂಪಾಯಿ ಹಿಡಿದುಕೊಂಡು ಮೂಡುಬಿದಿರೆಗೆ ಹೋದೆ. ಮಾಸ್ಟ್ರು ದುಡ್ಡನ್ನು ಎಣಿಸಲೂ ಇಲ್ಲ, ಪೂವಮ್ಮನ ಬಗ್ಗೆ ಒಂದು ಗಂಟೆ ಕೇಳಿದರು. ಅವರು ಹೇಗೆ ಕೂರುತ್ತಾರೆ, ಮಗುವನ್ನು ಮೊದಲು ಯಾವ ಬಟ್ಟೆಯಲ್ಲಿ ಸುತ್ತುತ್ತಾರೆ, ತೊಟ್ಟಿಲು ಕಟ್ಟುವುದು ಹಗ್ಗದಲ್ಲೋ ಸರಪಳಿಯಲ್ಲೋ. ಆಮೇಲೆ ಸ್ಲೇಟಿನ ಮೇಲೆ ಬರೆದು ತೋರಿಸಿದರು. ಅಂಚಿನ ತುಂಬ ತೊಟ್ಟಿಲುಗಳು. ಒಂದರಲ್ಲಿ ಮಗು ಮುಷ್ಟಿ ಕಟ್ಟಿತ್ತು, ಇನ್ನೊಂದರಲ್ಲಿ ಕಾಲು ಹೊರಗೆ ಹಾಕಿತ್ತು, ಮತ್ತೊಂದು ಬಾಯಿ ತೆರೆದು ಅಳುತ್ತಿತ್ತು. ನಾನು ಇನ್ನೂ ನೋಡುತ್ತಿದ್ದ ಹಾಗೆಯೇ ಒದ್ದೆ ಬಟ್ಟೆಯಿಂದ ಒರಸಿಬಿಟ್ಟರು. ನನಗೆ ಸಿಟ್ಟು ಬಂತು. ನಾನೇನು ಕಳ್ಳನೇ ಎಂದುಕೊಂಡೆ.

ಆಗಿರಲಿಲ್ಲ. ಮೂರು ವಾರದ ಮೇಲೆ ಆದೆ.

ವಂತಿಗೆ ಎತ್ತಿದ ಹಣವೆಲ್ಲ ಹಾರ, ಶಾಲು, ಅವಲಕ್ಕಿ, ಮುಖ್ಯ ಅತಿಥಿಗಳ ಕಾರಿನ ಪೆಟ್ರೋಲಿಗೆ ಹೋಯಿತು. ಸಮಾರಂಭದ ಹಿಂದಿನ ದಿನ ನನ್ನ ಕಿಸೆಯಲ್ಲಿ ಬಸ್ಸಿನ ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಮೂಡುಬಿದಿರೆಯಲ್ಲಿ ಇಳಿದಾಗ ಮಾಸ್ಟ್ರು ಮಣ್ಣಿನ ಬಣ್ಣ ತರಲು ಹೋಗಿದ್ದರು. ಯಾಕೂಬರ ಬಳಿ ಹೋಗಿ, “ಮಾಸ್ಟ್ರು ದಾರಿಯಲ್ಲಿ ಸಿಕ್ಕಿದ್ರು. ಬಾಕಿ ಕೊಟ್ಟಿದ್ದೇನೆ. ಹೆಸರು ನಿಮ್ಮ ಊರಿನಲ್ಲಿಯೇ ಬರೆಸಿಕೊಳ್ಳಿ ಅಂದ್ರು. ಕಟ್ಟು ಹಾಕಿ ಕೊಡಿ,” ಎಂದೆ.

ಯಾಕೂಬರು ನನ್ನ ಮುಖ ನೋಡಿದರು. “ಮಾಸ್ಟ್ರು ಹಾಗೆ ಹೇಳುವವರು ಅಲ್ಲ ಮಾರಾಯ್ರೆ.”

“ಆಯಾನ ಪತ್ರ ಅಲ್ವಾ, ಅದಕ್ಕೆ ಒಪ್ಪಿದ್ರು.”

ಯಾಕೂಬರ ಮನೆಯಲ್ಲಿಯೂ ಮಕ್ಕಳಿದ್ದರು. ನಂಬಿದರು. ಗಾಜು ಕೂರಿಸಿ, ಕಾಗದ ಸುತ್ತಿ ಕೊಟ್ಟರು.

ಹೆಸರು ನಾನೇ ಬರೆಯಬಹುದಿತ್ತು. ಆದರೆ ಆ ಅಕ್ಷರಗಳ ನಡುವೆ ನನ್ನ ಗುಮಾಸ್ತ ಅಕ್ಷರ ಬರೆಯಲು ಧೈರ್ಯ ಬರಲಿಲ್ಲ. ಅಧ್ಯಕ್ಷರಿಗೆ ತೋರಿಸಿದೆ. “ಇರಲಿ ಮಾರಾಯ. ಅವರಿಗೆ ಓದಲಿಕ್ಕೆ ಬರ್ತದಾ?” ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿನ ನೆನಪಾದಾಗ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಸಭೆಯಲ್ಲಿ ಪತ್ರ ಓದಿದವನು ನಾನೇ. ಖಾಲಿ ಜಾಗ ಬಂದಾಗ ಪೂವಮ್ಮ ಎಂದು ಬಾಯಲ್ಲಿ ಸೇರಿಸಿ ಮುಂದೆ ಓದಿದೆ. ಜನ ಚಪ್ಪಾಳೆ ತಟ್ಟಿದರು, ಪೂವಮ್ಮ ಸೆರಗಿನಿಂದ ಕಣ್ಣು ಒರಸಿಕೊಂಡರು.

ಮೂಡುಬಿದಿರೆಯಲ್ಲಿ ಏನಾಯಿತೆಂದು ಬಹಳ ದಿನಗಳ ಮೇಲೆ ನನಗೆ ಗೊತ್ತಾಯಿತು. ಯಾಕೂಬರು ತಮ್ಮ ಬೆನ್ನ ಹಿಂದೆ ಹಾಳೆ ಕೊಟ್ಟುಬಿಟ್ಟರೆಂದು ಮಾಸ್ಟ್ರು ಚಹಾಕ್ಕೆ ಇಳಿಯುವುದನ್ನು ನಿಲ್ಲಿಸಿದರು. ಜಗಳವೇನೂ ಆಡಲಿಲ್ಲ, ಆಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಯಾಕೂಬರು ಒಂದು ಸಂಜೆ ಲೋಟವನ್ನು ತಾವೇ ಕೊಂಡುಹೋಗಿ ಮೇಲಿನ ಮೆಟ್ಟಿಲ ಮೇಲೆ ಇಟ್ಟು ಬಂದರು. ಬೆಳಿಗ್ಗೆ ನೋಡಿದರೆ ಚಹಾ ಹಾಗೆಯೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಎರಡು ತಿಂಗಳ ಮೇಲೆ ಒಂದು ದಿನ ಬೆಳಿಗ್ಗೆ ಮಾಸ್ಟ್ರು ನಮ್ಮ ಸೊಸೈಟಿಯ ಜಗಲಿಯಲ್ಲಿ ನಿಂತಿದ್ದರು. ಬಗಲಲ್ಲಿ ಬಟ್ಟೆಯ ಚೀಲ. ಆವತ್ತು ಸಂಬಳ ಬಂದಿತ್ತು. ಒಂಬತ್ತು ರೂಪಾಯಿ ತೆಗೆದು ಹಿಡಿದೆ.

“ಅದು ಆಮೇಲೆ. ಮೊದಲು ಹೆಸರು ಬರೆಯಬೇಕು ವಿಜಯರಾಜರೇ. ಅವರ ಮನೆ ತೋರಿಸಿ,” ಎಂದರು.

“ಅವರಿಗೆ ಗೊತ್ತಿಲ್ಲ ಮಾಸ್ಟ್ರೆ. ಓದಲಿಕ್ಕೆ ಬರುವುದಿಲ್ಲ.”

“ನನಗೆ ಬರ್ತದಲ್ಲ.”

ದಾರಿಯಲ್ಲಿ ಒಮ್ಮೆಯಾದರೂ ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

ಪೂವಮ್ಮ ಒಬ್ಬರೇ ಇದ್ದರು. ಮಾನಪತ್ರ ಬರೆದವರು ಇವರು ಎಂದು ಹೇಳಿದಾಗ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು. ಮಾಸ್ಟ್ರು ಕೂರಲಿಲ್ಲ. ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ತಮ್ಮ ಅಕ್ಷರ ಒಂದು ಮನೆಯ ಗೋಡೆಯಲ್ಲಿ ತೂಗುವುದನ್ನು ಅವರು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಹೋದರು. ನಾನೂ ಹೋದೆ.

ಹೆಸರಿನ ಜಾಗ ಖಾಲಿ ಇರಲಿಲ್ಲ. ಅಲ್ಲಿ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು ಇತ್ತು.

“ಅದು ನಾನು ಒತ್ತಿದ್ದು,” ಎಂದರು ಪೂವಮ್ಮ, ತಪ್ಪು ಮಾಡಿದವರ ಹಾಗೆ. “ಬೇರೆ ಕಡೆ ಎಲ್ಲ ಅಕ್ಷರ ಉಂಟು, ಅಲ್ಲಿ ಮಾತ್ರ ಜಾಗ ಬಿಟ್ಟಿದ್ರು. ಸಂಬಳದ ಪುಸ್ತಕದಲ್ಲಿಯೂ ನನಗೆ ಹಾಗೆಯೇ ಬಿಡ್ತಿದ್ರು. ಸಭೆಯ ಗಡಿಬಿಡಿಯಲ್ಲಿ ಒತ್ತಿಸಲಿಕ್ಕೆ ಮರೆತದ್ದು ಅಂತ ಎಣಿಸಿದೆ. ಒತ್ತದಿದ್ರೆ ನನ್ನದು ಅಲ್ಲ ಅಂತ ವಾಪಸು ತಕ್ಕೊಂಡು ಹೋದ್ರೆ? ಆಚೆ ಮನೆಯ ಮಾಯಿಲಪ್ಪನ ಹತ್ರ ಕಟ್ಟಿನ ಹಿಂದಿನ ಮೊಳೆ ತೆಗೆಸಿ, ಮಕ್ಕಳಿಗೆ ಹಚ್ಚುವ ಕಾಡಿಗೆಯಲ್ಲಿ ಒತ್ತಿದೆ. ಕೆಟ್ಟಿತಾ?”

ಮಾಸ್ಟ್ರ ಕೈ ಚೀಲದೊಳಗೆ ಹೋಗಿತ್ತು. ಕೆಂಪು ಮಸಿಯ ಕುಪ್ಪಿ ಅರ್ಧ ಹೊರಗೆ ಬಂದಿತ್ತು. ಅದನ್ನು ಮೆಲ್ಲಗೆ ಒಳಗೆ ಇಟ್ಟರು.

“ಕೆಡಲಿಲ್ಲ ಅಮ್ಮ. ಸರಿಯಾದ ಜಾಗದಲ್ಲಿಯೇ ಒತ್ತಿದ್ದೀರಿ,” ಎಂದರು.

“ಹಾಗಾದ್ರೆ ಒಂದು ಸಲ ಓದಿ. ಅವತ್ತು ಇವ ಬೇಗ ಬೇಗ ಓದಿದ.”

ಮಾಸ್ಟ್ರು ಓದಿದರು. ಮೊದಲ ಸಾಲಿನಿಂದ ಕೊನೆಯವರೆಗೆ, ತರಗತಿಯಲ್ಲಿ ಪಾಠ ಓದುವ ಹಾಗೆ ನಿಧಾನವಾಗಿ. ಹೆಬ್ಬೆಟ್ಟಿನ ಜಾಗ ಬಂದಾಗ ಎಲ್ಲೂ ನಿಲ್ಲದೆ “ಶ್ರೀಮತಿ ಪೂವಮ್ಮನವರಿಗೆ” ಎಂದರು. ಓದಿ ಮುಗಿಸಿ ಬೆಲ್ಲ ನೀರು ಕುಡಿದು ಜಗಲಿಗೆ ಬಂದರು. ನಾನು ಮತ್ತೆ ದುಡ್ಡು ಹಿಡಿದೆ.

“ಇದು ಯಾವುದಕ್ಕೆ?” ಎಂದು ಕೇಳಿದರು.

“ಬಾಕಿ ಅರ್ಧ ಮಾಸ್ಟ್ರೆ.”

“ಬಾಕಿ ಅರ್ಧ ಹೆಸರು ಬರೆದದ್ದಕ್ಕೆ. ಹೆಸರು ನಾನು ಬರೆಯಲಿಲ್ಲ. ಆ ಜಾಗ ತುಂಬಿಸಿದ್ದು ಅವರು. ಅವರಿಗೆ ಕೊಡಿ.”

ಅಷ್ಟೇ ಹೇಳಿ ಅಂಗಳ ಇಳಿದು ಹೊರಟರು.

ನಾನು ಒಳಗೆ ಹೋದೆ. ಪೂವಮ್ಮ ಒಲೆಯ ಮುಂದೆ ಕೂತು ಗಂಜಿಗೆ ಬೆಂಕಿ ಏರಿಸುತ್ತಿದ್ದರು. ದುಡ್ಡು ನೀಡಿದಾಗ, “ಇದು ಎಂತದು ಮಗಾ?” ಎಂದರು. ಸಮಿತಿಯಿಂದ ಎಂದು ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ. ಯಾಕೂಬರಿಗೆ ಹೇಳಿದ ಸುಳ್ಳಿನಿಂದ ಹಿಡಿದು ಅಧ್ಯಕ್ಷರ ನಗು, ನನ್ನ ನಗು, ಎಲ್ಲ ಹೇಳಿದೆ.

ಅವರು ಒಲೆಯನ್ನೇ ನೋಡುತ್ತಾ ಕೇಳಿದರು. “ಹಾಗಾದ್ರೆ ಅವತ್ತು ಸಭೆಯಲ್ಲಿ ನನ್ನ ಹೆಸರು ಓದಿದ್ದಿಯಲ್ಲ, ಅದು ಅಲ್ಲಿ ಇರಲೇ ಇಲ್ವಾ?”

“ಇರಲಿಲ್ಲ.”

“ಈಗ ಅವರು ಓದುವಾಗಲೂ ಇರಲಿಲ್ಲ ಅಲ್ವಾ?”

“ಇಲ್ಲ.”

ಪೂವಮ್ಮ ದುಡ್ಡು ಮುಟ್ಟಲಿಲ್ಲ. “ಆ ಹೆಸರು ಬರೀಲಿಕ್ಕೇ ಬಂದದ್ದಾ ಅವರು, ಅಷ್ಟು ದೂರದಿಂದ? ಓಡು. ಬಸ್ಸಿಗೆ ಇನ್ನೂ ಸಮಯ ಉಂಟು. ಊಟ ಮಾಡಿ ಹೋಗಲಿಕ್ಕೆ ಹೇಳು. ಪೂವಮ್ಮ ಕರೀತಾರೆ ಅಂತ ಹೇಳು.”

ಓಡಿದೆ. ಒಂಬತ್ತು ರೂಪಾಯಿ ಕೈಯಲ್ಲಿಯೇ ಇತ್ತು. ರಸ್ತೆಗೆ ಮುಟ್ಟುವಾಗ ಬಸ್ಸು ಹೊರಟಿತ್ತು. ಕಿಟಕಿಯ ಬಳಿ ಮಾಸ್ಟ್ರು ಕೂತಿದ್ದರು, ಮಡಿಲಲ್ಲಿ ಚೀಲ. ಮಾಸ್ಟ್ರೆ ಎಂದು ಎರಡು ಸಲ ಕೂಗಿದೆ, ಕೈ ಎತ್ತಿದೆ. ಅವರು ತಿರುಗಿ ನೋಡಿದರು. ನನ್ನ ಕೈಯಲ್ಲಿದ್ದ ನೋಟುಗಳು ಕಂಡಿರಬೇಕು. ಬೇಡ ಎಂಬಂತೆ ತಲೆ ಅಲ್ಲಾಡಿಸಿ ಮುಂದಕ್ಕೆ ತಿರುಗಿಕೊಂಡರು.

ಆಮೇಲೆ ಹೋಗಿ ಹೇಳಬಹುದಿತ್ತು. ಮೂಡುಬಿದಿರೆಗೆ ದಿನಕ್ಕೆ ಎರಡು ಬಸ್ಸು ಇದ್ದವು, ಮಾಸ್ಟ್ರು ಮತ್ತೆ ಐದು ವರ್ಷ ಬದುಕಿದ್ದರು. ನನಗೆ ಮುಖ ತೋರಿಸಲು ಧೈರ್ಯ ಬರಲಿಲ್ಲ. ಊಟಕ್ಕೆ ಕರೆದದ್ದೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.